ಮನೆಯಲ್ಲಿ ಮಾಡಿದ ಸಿಲ್ವರ್ ವಾಟರ್: ಪಿಪಿಎಂ ಲೆಕ್ಕ ಹೇಗೆ? ಕುಡಿಯಬಹುದಾ?

ತುಂಗಾತೀರ
ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ, ಎರಡು ಬೆಳ್ಳಿ ತಂತಿ 250 ಎಂಎಲ್ ನೀರಿಗೆ ಇಳಿಬಿಟ್ಟು ಕೊಲಾಯ್ಡಲ್ ಸಿಲ್ವರ್ (ಬೆಳ್ಳಿಯ ಅತಿಸಣ್ಣ ಕಣ ತೇಲಾಡೋ ನೀರು) ಮಾಡೋ ವಿಡಿಯೋ ಫ್ಯಾಮಿಲಿ ಗ್ರೂಪಲ್ಲಿ ಓಡಾಡ್ತಿದೆ. ಶೀತ, ಸೈನಸ್ ಎಲ್ಲಕ್ಕೂ ದಿನಾ ಅರ್ಧ ಲೋಟ ಅಂತೆ. ಚಿಕ್ಕಮ್ಮ ಒಂದು ಬಾಟಲಿ ಮಾಡಿಟ್ಟಿದ್ದಾರೆ, ಇನ್ನೂ ಕುಡಿದಿಲ್ಲ. ಥೈರಾಯ್ಡ್ ಮಾತ್ರೆ ತಗೊಳ್ತಾರೆ. ಟಿಡಿಎಸ್ ಪೆನ್ 10 ತೋರಿಸಿದ್ರೆ ಅದು 10 ಪಿಪಿಎಂ ಬೆಳ್ಳಿನಾ? ನಲ್ಲಿ ನೀರಲ್ಲಿ ಮಾಡಿದ್ರೆ ಹಾಲಿನ ಥರ ಆಗೋದು ಯಾಕೆ? ಹಳೇ ಕಾಲುಚೈನು ಹಾಕಬಹುದಾ?

ಲ್ಯಾಬ್_ಮೇಷ್ಟ್ರು
ಟಿಡಿಎಸ್ ಪೆನ್ ಬೆಳ್ಳಿಯನ್ನ ಅಳೆಯೋದೇ ಇಲ್ಲ. ಅದು ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ, ಅದನ್ನ ಉಪ್ಪಿನ ಲೆಕ್ಕಕ್ಕೆ ತಿರುಗಿಸಿ ಅಂಕಿ ಕೊಡುತ್ತೆ. ತೇಲಾಡೋ ಬೆಳ್ಳಿ ಕಣಗಳು ಅದಕ್ಕೆ ಕಾಣಲ್ಲ, ಆದರೆ ಗಾಳಿಯಿಂದ ಕರಗಿದ ಕಾರ್ಬನ್ ಡೈಆಕ್ಸೈಡ್ ಕೂಡ ಅಂಕಿಗೆ ಸೇರುತ್ತೆ.

ಸರಿಯಾದ ಲೆಕ್ಕ ಫ್ಯಾರಡೆ ನಿಯಮದ್ದು. 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ ಪಾಸಿಟಿವ್ ತಂತಿಯಿಂದ ಸುಮಾರು 4 ಮಿಲಿಗ್ರಾಂ ಬೆಳ್ಳಿ ಬಿಡುತ್ತೆ. 250 ಎಂಎಲ್‌ನಲ್ಲಿ ಅಷ್ಟೂ ಉಳಿದರೆ ಲೀಟರಿಗೆ 16 ಮಿಲಿಗ್ರಾಂ, ಅಂದರೆ 16 ಪಿಪಿಎಂ. ಆದರೆ ಅಷ್ಟೂ ಉಳಿಯಲ್ಲ. ಒಂದಿಷ್ಟು ನೆಗೆಟಿವ್ ತಂತಿಗೆ ಕಪ್ಪು ಪಾಚಿಯ ಹಾಗೆ ಅಂಟಿಕೊಳ್ಳುತ್ತೆ, ಒಂದಿಷ್ಟು ಪುಡಿಯಾಗಿ ತಳಕ್ಕೆ ಬೀಳುತ್ತೆ. ಬ್ಯಾಟರಿಗೆ ಕರೆಂಟ್ ಮಿತಿ ಇಲ್ಲದ್ದರಿಂದ ಇನ್ನೊಂದು ತೊಂದರೆ: ಬೆಳ್ಳಿ ಕರಗಿದಷ್ಟೂ ನೀರಲ್ಲಿ ಕರೆಂಟ್ ಏರುತ್ತೆ, ಏರಿದಷ್ಟೂ ಬೆಳ್ಳಿ ಬೇಗ ಕಿತ್ತು ಬರುತ್ತೆ. ಅದೇ ಮನೆ, ಅದೇ ಬ್ಯಾಟರಿ, ಒಂದು ಬಾಟಲಿ ಇದ್ದ ಹಾಗೆ ಇನ್ನೊಂದು ಇರಲ್ಲ. ಆದ್ದರಿಂದ "ಇಷ್ಟು ಚಮಚ" ಅನ್ನೋ ಮಾತಿಗೆ ಅರ್ಥವೇ ಇಲ್ಲ.

ನಲ್ಲಿ ನೀರಲ್ಲಿ ಕ್ಲೋರೈಡ್ ಇರುತ್ತೆ. ಅದು ಬೆಳ್ಳಿ ಅಯಾನಿನ (ನೀರಲ್ಲಿ ಕರಗಿ ವಿದ್ಯುದಾವೇಶ ಹೊತ್ತ ಬೆಳ್ಳಿಯ) ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತೆ, ಆ ಹಾಲಿನ ಬಣ್ಣ ಅದೇ. ಬಿಸಿಲಿಗಿಟ್ಟರೆ ನೇರಳೆ-ಬೂದಿಗೆ ತಿರುಗುತ್ತೆ. ಡಿಸ್ಟಿಲ್ಡ್ ನೀರಲ್ಲಿ ಮಾಡಿದ್ದೂ ಕುಡಿದ ಮೇಲೆ ಇದೇ ಗತಿ, ಜಠರದ ಆಮ್ಲದಲ್ಲಿ ಕ್ಲೋರೈಡ್ ಧಾರಾಳ. ಇನ್ನು ಕಾಲುಚೈನು ಬೇಡವೇ ಬೇಡ. 925 ಬೆಳ್ಳಿ ಅಂದರೂ ಉಳಿದ 7.5% ಸಾಮಾನ್ಯವಾಗಿ ತಾಮ್ರ, ಬೆಸುಗೆಯಲ್ಲಿ ಸತು, ಕೆಲವೊಮ್ಮೆ ಕ್ಯಾಡ್ಮಿಯಂ ಕೂಡ ಇರುತ್ತೆ. ಅದೆಲ್ಲ ನೀರಿಗಿಳಿಯುತ್ತೆ.

ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500 ಬೆಳ್ಳಿಗೆ ಇಟ್ಟಿರೋ ಮಿತಿ ಲೀಟರಿಗೆ 0.1 ಮಿಲಿಗ್ರಾಂ. 16 ಪಿಪಿಎಂ ಅಂದರೆ ಅದರ 160 ಪಟ್ಟು.

ಫಾರ್ಮಸಿ_ಧಾರವಾಡ
ಮೇಷ್ಟ್ರ ಲೆಕ್ಕವನ್ನೇ ಮುಂದುವರಿಸ್ತೀನಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಪ್ರಕಾರ ದಿನಕ್ಕೆ ದೇಹತೂಕದ ಕಿಲೋಗೆ 5 ಮೈಕ್ರೋಗ್ರಾಂ ಮಿತಿ. 60 ಕಿಲೋ ಇರೋರಿಗೆ 0.3 ಮಿಲಿಗ್ರಾಂ. 16 ಪಿಪಿಎಂ ದ್ರವ ಅರ್ಧ ಲೋಟ, ಅಂದರೆ 125 ಎಂಎಲ್, ಕುಡಿದರೆ 2 ಮಿಲಿಗ್ರಾಂ. ದೇಹ ಸೇರಿದ ಬೆಳ್ಳಿಯಲ್ಲಿ ಒಂದು ಪಾಲು ಚರ್ಮದಲ್ಲಿ ಕೂತು, ಬಿಸಿಲು ಬಿದ್ದಲ್ಲಿ ಕಪ್ಪಾಗುತ್ತೆ. ಇದೇ ಆರ್ಜೀರಿಯಾ. ವಸಡು, ಉಗುರಿನ ಬುಡದ ಅರ್ಧಚಂದ್ರ ಮೊದಲು ನೀಲಿ-ಬೂದು ಆಗುತ್ತವೆ, ಆಮೇಲೆ ಮುಖ. ಮೈಯಿಂದ ಲೋಹ ಹೊರಹಾಕೋ ಕೀಲೇಶನ್ ಚಿಕಿತ್ಸೆಯಿಂದ ಇದು ಹೋಗಲ್ಲ. ಲೇಸರ್‌ನಿಂದ ಕೆಲವರಿಗೆ ಬಣ್ಣ ತಿಳಿಯಾಗಿದೆ, ಅಷ್ಟೇ. ಅಮೆರಿಕದ ಮೊಂಟಾನಾ ರಾಜ್ಯದ ರಾಜಕಾರಣಿ ಸ್ಟಾನ್ ಜೋನ್ಸ್ ವೈ2ಕೆ (2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ಕೈಕೊಡುತ್ತವೆ ಅನ್ನೋ ಭೀತಿ) ಹೊತ್ತಿಗೆ ಆಂಟಿಬಯಾಟಿಕ್ ಸಿಗಲಿಕ್ಕಿಲ್ಲ ಅಂತ ಹೆದರಿ 1999ರಿಂದ ಮನೆಯಲ್ಲೇ ಮಾಡಿ ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಚರ್ಮ ನೀಲಿ-ಬೂದು ಆಗಿತ್ತು.

ಚಿಕ್ಕಮ್ಮನ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಬೆಳ್ಳಿ ಥೈರಾಕ್ಸಿನ್ ಮಾತ್ರೆ ಮೈಗೆ ಹತ್ತೋದನ್ನ ಕಡಿಮೆ ಮಾಡಬಹುದು. ಟೆಟ್ರಾಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಥರದ ಆಂಟಿಬಯಾಟಿಕ್‌ಗಳದ್ದೂ ಹಾಗೇ. ಕುಡಿದರೆ ಶೀತ, ಸೈನಸ್ ವಾಸಿಯಾಗುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಇಂಥ ಔಷಧಗಳನ್ನ ಸುರಕ್ಷಿತ, ಪರಿಣಾಮಕಾರಿ ಅಂತ ಒಪ್ಪಲಾಗದು ಅಂದಿದೆ. ಬೆಳ್ಳಿಗೆ ವೈದ್ಯದಲ್ಲಿ ಜಾಗ ಇರೋದು ಮೈಮೇಲೆ: ಸುಟ್ಟ ಗಾಯಕ್ಕೆ 1% ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮ್, ಅದೂ ಡಾಕ್ಟರ್ ಬರೆದುಕೊಟ್ಟರೆ.

ತುಂಗಾತೀರ
ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ ಬೆಳ್ಳಿ ಲೋಟದಲ್ಲಿ ನೀರು ಕುಡಿಯೋದೂ ತಪ್ಪಾ? ಮಾಡಿಟ್ಟಿರೋ ಬಾಟಲಿ ಏನು ಮಾಡೋದು?

ಲ್ಯಾಬ್_ಮೇಷ್ಟ್ರು
ಲೋಟದ ಮಾತೇ ಬೇರೆ. ಕರೆಂಟ್ ಇಲ್ಲದೆ ಗಟ್ಟಿ ಬೆಳ್ಳಿಯಿಂದ ನೀರಿಗೆ ಇಳಿಯೋದು ತೀರಾ ಅತ್ಯಲ್ಪ. ಧಾರಾಳವಾಗಿ ಕುಡೀಲಿ.

ಬಾಟಲಿಯನ್ನ ಅಕ್ವೇರಿಯಂಗೋ ಕೆರೆಗೋ ಸುರೀಬೇಡಿ, ಬೆಳ್ಳಿ ಅಯಾನು ಮೀನಿಗೆ ವಿಷ. ಗಾಜಿನ ಪಾತ್ರೆಗೆ ಬಗ್ಗಿಸಿ ಒಂದು ಚಿಟಿಕೆ ಉಪ್ಪು ಹಾಕಿ ಕಲಕಿ, ಮೋಡ ಕವಿದ ಹಾಗೆ ಬಿಳಿಯಾಗುತ್ತೆ. ಹಿಡಿ ತುಂಬ ಹಾಕಿದ್ರೆ ಬೆಳ್ಳಿ ಮತ್ತೆ ಕರಗೋಕೆ ಶುರುವಾಗುತ್ತೆ, ಚಿಟಿಕೆ ಸಾಕು. ಒಂದೆರಡು ದಿನ ಅಲುಗಿಸದೆ ಬಿಟ್ಟು ಮೇಲಿನ ತಿಳಿ ಬಚ್ಚಲಿಗೆ ಚೆಲ್ಲಿ. ತಳದ ಗಷ್ಟನ್ನ ಪೇಪರ್‌ನಲ್ಲಿ ಒರೆಸಿ ಒಣಕಸಕ್ಕೆ ಹಾಕಿ. ಬೆರಳಿಗೆ ತಾಗಿದ್ರೆ ಕಪ್ಪು ಕಲೆ ಕೆಲವು ದಿನ ಉಳಿಯುತ್ತೆ, ಗ್ಲೌಸ್ ಹಾಕ್ಕೊಳ್ಳಿ.