ಮಗಳ ಎದುರು ಜಗಳ ಆಡುವುದೇ ಇಲ್ಲ, ಆದರೂ ಅವಳಿಗೆ ಯಾಕೆ ಈ ಹೊಟ್ಟೆನೋವು?

ಪ್ರಶ್ನೆ: ನಮಸ್ತೆ ಮೇಡಂ. ಎಂಟು ವರ್ಷದ ಮಗಳಿದ್ದಾಳೆ. ನಾನೂ ಹೆಂಡತಿಯೂ ಅವಳ ಎದುರು ಯಾವತ್ತೂ ಕೂಗಾಡಿಲ್ಲ. ಏನಾದರೂ ಆದರೆ ರೂಮಿನ ಬಾಗಿಲು ಹಾಕಿಕೊಂಡು ಮಾತಾಡುತ್ತೇವೆ. ಇಲ್ಲದಿದ್ದರೆ ಮೂರು ನಾಲ್ಕು ದಿನ ಮಾತು ಬಿಡುತ್ತೇವೆ, ಅಷ್ಟೇ. ಈಗ ಮಗಳಿಗೆ ಪದೇ ಪದೇ ಹೊಟ್ಟೆನೋವು. ಡಾಕ್ಟರ್ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಮೊನ್ನೆ ಅವಳು, "ಅಮ್ಮ, ನಾನು ಚೆನ್ನಾಗಿ ಓದಿದ್ರೆ ನೀನು ಅಪ್ಪನ ಜೊತೆ ಮಾತಾಡ್ತೀಯಾ?" ಅಂತ ಕೇಳಿದಳು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಇರುವ ಸಾಧ್ಯತೆ ಜಾಸ್ತಿ. ಉತ್ತರ ಅರ್ಧ ಅವಳ ಮಾತಿನಲ್ಲೇ ಇದೆ. ನಿಮ್ಮಿಬ್ಬರ ಮೌನಕ್ಕೆ ತಾನೇ ಕಾರಣ ಅಂತ ಅವಳು ಅಂದುಕೊಂಡಿದ್ದಾಳೆ. ಸರಿ ಮಾಡುವ ಹೊಣೆಯನ್ನೂ ತಾನೇ ಹೊತ್ತುಕೊಂಡಿದ್ದಾಳೆ. ಗ್ರಿಚ್ ಮತ್ತು ಫಿಂಚಮ್ ಎಂಬ ಮನೋವಿಜ್ಞಾನಿಗಳು 1990ರಲ್ಲೇ ಇದನ್ನು ವಿವರಿಸಿದ್ದರು. ಅಪ್ಪ ಅಮ್ಮನ ನಡುವೆ ಏನೋ ಸರಿಯಿಲ್ಲ ಅನ್ನಿಸಿದಾಗ ಮಗು ಮನಸ್ಸಿನಲ್ಲೇ ಲೆಕ್ಕ ಹಾಕುತ್ತದೆ: ಇದರಿಂದ ನನಗೇನಾಗುತ್ತೆ? ಇದು ನನ್ನಿಂದ ಆಯ್ತಾ? ನಾನೇನು ಮಾಡಬೇಕು? ದೊಡ್ಡವರು ಏನೂ ಹೇಳದಿದ್ದರೆ ಉತ್ತರವನ್ನು ಮಗುವೇ ಕಟ್ಟಿಕೊಳ್ಳುತ್ತದೆ. ಅದು ಹೆಚ್ಚಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಬಾಗಿಲು ಹಾಕಿದರೆ ಕೂಗು ಕೇಳಿಸದೇ ಇರಬಹುದು. ಊಟದ ಹೊತ್ತಿನ ಬಿಗುವು, "ನಿಮ್ಮಪ್ಪಂಗೆ ಹೇಳು" ಅನ್ನುವ ಮಾತು, ಇವೆಲ್ಲ ಮುಚ್ಚಿಡಲು ಆಗುವುದಿಲ್ಲ ಅಲ್ವಾ? ಮಾತು ಬಿಡುವುದನ್ನು ಜನ ಜಗಳಕ್ಕಿಂತ ಮೇಲು ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜಗಳಕ್ಕೆ ಒಂದು ಕೊನೆಯಾದರೂ ಇರುತ್ತದೆ. ಮೌನ ಯಾವಾಗ ಮುಗಿಯುತ್ತೆ ಅಂತ ಮಗುವಿಗೆ ಗೊತ್ತೇ ಆಗುವುದಿಲ್ಲ.

ಹೊಟ್ಟೆನೋವನ್ನು ನಾಟಕ ಅನ್ನಬೇಡಿ. ಆತಂಕದಿಂದ ಬರುವ ನೋವೂ ನಿಜವಾದ ನೋವೇ. ತೂಕ ಇಳಿದರೆ, ಜ್ವರ ಬಂದರೆ, ನೋವಿಗೆ ನಿದ್ದೆಯಿಂದ ಎಚ್ಚರವಾದರೆ ಮತ್ತೆ ಡಾಕ್ಟರಿಗೆ ತೋರಿಸಿ.

ಇಬ್ಬರೂ ಒಟ್ಟಿಗೆ ಕೂತು ಅವಳಿಗೆ ಹೇಳಿ: "ನಮ್ಮಿಬ್ಬರಿಗೆ ಒಂದು ವಿಷಯದಲ್ಲಿ ಬೇಜಾರಾಗಿತ್ತು. ಅದು ದೊಡ್ಡವರ ವಿಷಯ. ನಿನ್ನಿಂದ ಆಗಿದ್ದಲ್ಲ, ಸರಿ ಮಾಡೋದೂ ನಿನ್ನ ಕೆಲಸ ಅಲ್ಲ." ಕಾರಣದ ವಿವರ ಬೇಡ.

ಪ್ರಶ್ನೆ: ಹಾಗಾದರೆ ಅವಳ ಎದುರೇ ಜಗಳ ಆಡಬೇಕಾ ಮೇಡಂ?

ಉತ್ತರ: ಬೇಕಂತಲೇ ಆಡಬೇಕಿಲ್ಲ, ಆದರೆ ಸಣ್ಣಪುಟ್ಟ ಭಿನ್ನಾಭಿಪ್ರಾಯಕ್ಕೆಲ್ಲ ಹೆದರಬೇಡಿ. ಮನೋವಿಜ್ಞಾನಿ ಮಾರ್ಕ್ ಕಮ್ಮಿಂಗ್ಸ್ ಅವರ ತಂಡ ದೊಡ್ಡವರ ಜಗಳದ ವಿಡಿಯೋಗಳನ್ನು ಮಕ್ಕಳಿಗೆ ತೋರಿಸಿ ನೋಡಿತ್ತು. ಜಗಳ ರಾಜಿಯಲ್ಲಿ ಮುಗಿದಾಗ ಮಕ್ಕಳಿಗೆ ಕಳವಳ ತುಂಬಾ ಕಡಿಮೆ. ಅರ್ಧಕ್ಕೇ ನಿಂತಾಗ ಜಾಸ್ತಿ. ರಾಜಿ ಬಾಗಿಲ ಹಿಂದೆ ಆಗಿದ್ದರೂ, ಆಮೇಲೆ ಅದನ್ನು ಹೇಳಿದರೆ ಮಕ್ಕಳಿಗೆ ಸಮಾಧಾನ ಸಿಗುತ್ತದೆ. ನಿಮ್ಮ ಮನೆಯಲ್ಲಿ ತಪ್ಪಿಹೋಗಿರುವುದು ಇದೇ. ಜಗಳ ಆಗಿದ್ದು ಅವಳಿಗೆ ಗೊತ್ತಾಗುತ್ತದೆ, ಮುಗಿದಿದ್ದು ಗೊತ್ತಾಗುವುದಿಲ್ಲ.

ಬೈಗುಳ, ಸಾಮಾನು ಎಸೆಯುವುದು, ಬಿಟ್ಟು ಹೋಗ್ತೀನಿ ಅನ್ನುವ ಬೆದರಿಕೆ, ಮಗುವಿನ ಹೆಸರು ಹಿಡಿದು ಆಡುವ ಜಗಳ ಮಾತ್ರ ಯಾವತ್ತೂ ಬೇಡ.

ಇನ್ನೊಬ್ಬರ ಪ್ರಶ್ನೆ: ನಮ್ಮ ಮಗುವಿಗೆ ಇನ್ನೂ ಒಂಬತ್ತು ತಿಂಗಳು. ಅದಕ್ಕೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?

ಉತ್ತರ: ಮಾತು ಗೊತ್ತಾಗುವುದಿಲ್ಲ, ದನಿ ಗೊತ್ತಾಗುತ್ತದೆ. 2013ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಆರರಿಂದ ಹನ್ನೆರಡು ತಿಂಗಳ ಮಕ್ಕಳು ನಿದ್ದೆಯಲ್ಲಿದ್ದಾಗಲೇ ಅವರ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಸಿಟ್ಟಿನ ದನಿ ಕೇಳಿಸಿದಾಗ, ಹೆಚ್ಚು ಜಗಳವಿರುವ ಮನೆಯ ಮಕ್ಕಳಲ್ಲಿ ಒತ್ತಡಕ್ಕೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ಅಧ್ಯಯನದಲ್ಲಿ ಇದ್ದಿದ್ದು 20 ಮಕ್ಕಳು ಅಷ್ಟೇ. ಮಿದುಳು ಹಾಳಾಗುತ್ತೆ ಅಂತ ಇದರರ್ಥ ಅಲ್ಲ, ಸುಮ್ನೆ ಗಾಬರಿಯಾಗಬೇಡಿ. ಮಗು ಮಲಗಿದೆ ಅಂತ ಪಕ್ಕದಲ್ಲೇ ಕೂಗಾಡುವುದನ್ನು ಬಿಡಿ, ಸಾಕು.

ಮತ್ತೊಬ್ಬರ ಪ್ರಶ್ನೆ: ನಮ್ಮದು ದಿನಾ ಜಗಳ. ಮಕ್ಕಳಿಗೋಸ್ಕರ ಜೊತೆಗಿದ್ದೇವೆ. ಬೇರೆಯಾದರೆ ಅವರಿಗೆ ಅನ್ಯಾಯ ಆಗುತ್ತಾ?

ಉತ್ತರ: ಎಲ್ಲರಿಗೂ ಒಂದೇ ಉತ್ತರ ಇಲ್ಲ. ಸಮಾಜಶಾಸ್ತ್ರಜ್ಞ ಪೌಲ್ ಅಮಾಟೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಜಗಳದ ಮನೆಗಳಲ್ಲಿ ಅಪ್ಪ ಅಮ್ಮ ಬೇರೆಯಾದ ಮೇಲೆ ಮಕ್ಕಳು ಮುಂದೆ ಹೆಚ್ಚು ನೆಮ್ಮದಿಯಿಂದಿದ್ದರು. ಜಗಳ ಕಡಿಮೆ ಇದ್ದ ಮನೆಗಳಲ್ಲಿ ಇದು ಉಲ್ಟಾ. ಅಲ್ಲಿ ಮಕ್ಕಳಿಗೆ ವಿಚ್ಛೇದನ ಸಿಡಿಲು ಬಡಿದ ಹಾಗೆ ಬರುತ್ತದೆ.

ಮನೆಯಲ್ಲಿ ಹೊಡೆತ ಇದ್ದರೆ ಈ ಲೆಕ್ಕಾಚಾರವೇ ಬೇಡ. ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗುವುದು ಮೊದಲು. ಹೊಡೆತ ಇಲ್ಲದಿದ್ದರೆ, ತೀರ್ಮಾನಕ್ಕೆ ಮೊದಲು ಇಬ್ಬರೂ ಆಪ್ತಸಮಾಲೋಚಕರನ್ನು ಕಾಣಿ. ಒಬ್ಬರು ಒಪ್ಪದಿದ್ದರೆ ಒಬ್ಬರೇ ಹೋದರೂ ಉಪಯೋಗ ಇದೆ.

ಬೇರೆಯಾದರೂ ಜಗಳ ತಾನಾಗಿ ನಿಲ್ಲುವುದಿಲ್ಲ. ಮಗು ಆ ಮನೆಯಿಂದ ಬಂದ ಕೂಡಲೇ "ಅಲ್ಲಿ ಏನಂದರು" ಅಂತ ಕೇಳಬೇಡಿ. ಫೀಸು, ರಜೆ, ಖರ್ಚಿನ ವಿಷಯ ಮಗುವಿನ ಬಾಯಲ್ಲಿ ಹೇಳಿಕಳಿಸಬೇಡಿ. ಮಾತಾಡಲು ಕಷ್ಟ ಆದರೆ ನೀವೇ ಮೆಸೇಜ್ ಮಾಡಿ.