ಕೋವಿಯ ‘ಗಜ’ ಹಾರುವುದು: ನಿಮ್ಮ ಊರಿನಲ್ಲಿ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳುವುದಿತ್ತು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಆ ಸಾಮಾನು ಹೇಗಿತ್ತು ಅಂತ ಹೇಳದೆ ಪದ ಮಾತ್ರ ಕೇಳಿದರೆ ಉತ್ತರ ಸರಿಯಾಗಿ ಬರಲಿಕ್ಕಿಲ್ಲ.

ನನ್ನ ತಾಯಿಯ ಮನೆ ಹೆಬ್ರಿಯ ಹತ್ತಿರ, ಘಟ್ಟದ ಬುಡದಲ್ಲಿ. ಅಡಿಕೆ ತೋಟ, ಕೆಳಗೆ ಗದ್ದೆ. ಹಂದಿ, ಮಂಗಗಳ ಕಾಟ ಮೊದಲಿನಿಂದಲೂ ಇತ್ತು. ಹಾಗಾಗಿ ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ಇತ್ತು. ನಳಿಗೆಯ, ಅಂದರೆ ಉದ್ದ ಕೊಳವೆಯ, ಬಾಯಿಯಿಂದ ಮದ್ದು ತುಂಬಿ, ಹಿಂದೆ ಕೇಪು (ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಟೊಪ್ಪಿ) ಕೂರಿಸಿ ಹೊಡೆಯುವಂಥದ್ದು. ತೋಟದ ಲೆಕ್ಕದ ಪುಸ್ತಕದ ಕೊನೆಯ ನಾಲ್ಕು ಪುಟಗಳಲ್ಲಿ ಅಜ್ಜ ಅದನ್ನು ತುಂಬುವ, ತೊಳೆಯುವ ಕ್ರಮ ಬರೆದಿಟ್ಟಿದ್ದಾರೆ. ಈಗ ಉಡುಪಿಯಲ್ಲಿ ಕೂತು ನಾನು ಆ ಪುಸ್ತಕವನ್ನು ಮನೆಯವರಿಗಾಗಿ ಟೈಪ್ ಮಾಡುತ್ತಿದ್ದೇನೆ. ಅದರಲ್ಲಿ ಈ ಸಾಲು ಇದೆ:

“ಮದ್ದು ಹಾಕಿ, ನಾರು ಇಟ್ಟು, ಗಜ ಹಾರುವ ತನಕ ಜಡಿಯುವುದು. ಮೇಲೆ ಚರೆ, ಪುನಃ ನಾರು. ಈ ಸಲ ಮೆಲ್ಲ.”

ಚರೆ ಅಂದರೆ ಸಣ್ಣ ಸಣ್ಣ ಗುಂಡು. ಪ್ರೂಫ್ ನೋಡಿಕೊಟ್ಟ ಗೆಳೆಯರು ಒಳ್ಳೆಯ ಮನಸ್ಸಿನಿಂದಲೇ ಈ ‘ಗಜ ಹಾರುವ ತನಕ’ ಎಂಬುದನ್ನು ‘ಒಂದು ಗಜ ಹಾರುವ ತನಕ’ ಎಂದು ತಿದ್ದಿದರು. ಗಜ ಅಂದರೆ ಮೂರು ಅಡಿ, ಅಲ್ವಾ? ಆನೆ ಅಂತೂ ಆಗಿರಲಿಕ್ಕಿಲ್ಲ, ಅಳತೆಯೇ ಇರಬೇಕು ಅಂತ ಅವರ ಲೆಕ್ಕ. ಆದರೆ ಏನು ಹಾರಬೇಕು? ಸಾಲಿನಲ್ಲಿ ಹಾರುವ ವಸ್ತುವೇ ಇಲ್ಲ. ಎರಡು ದಿನ ಅದನ್ನೇ ಓದಿದೆ. ಕಡೆಗೆ ಸೋದರಮಾವನನ್ನು ಕೇಳಿದೆ. ಅವರು ಸಣ್ಣವರಿದ್ದಾಗ ಅಜ್ಜನ ಜೊತೆ ಕೋವಿ ತೊಳೆಯಲು ಕೂರುತ್ತಿದ್ದವರು.

“ಮಾವ, ಈ ಗಜ ಅಂದರೆ ಅಳತೆಯಾ?”

“ಅಳತೆ ಅಲ್ಲ ಮಾರಾಯ, ಕೋಲು. ಮದ್ದು ಜಡಿಯುವ ಕೋಲು. ಇರು, ಅಟ್ಟದಲ್ಲಿ ಇದೆ.”

ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸೂ ಕೋವಿಯೂ ಹೋಗಿವೆ. ನಳಿಗೆಯ ಕೆಳಗೆ ಸಿಕ್ಕಿಸಿಕೊಳ್ಳುವ ಸಪೂರ ಗಜ ಅದರ ಜೊತೆಗೇ ಹೋಯಿತು. ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ದಪ್ಪ ಗಜ ಮಾತ್ರ ಉಳಿದಿತ್ತು. ಮರದ್ದು. ಒಂದು ತುದಿಗೆ ಹಿತ್ತಾಳೆಯ ಬಳೆ. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಎರಡು ಗೀರು ಕಂಡವು. ಕತ್ತಿಯಿಂದ ಹಾಕಿದ ಗೀರು, ಒಂದರಿಂದ ಒಂದಕ್ಕೆ ಸುಮಾರು ನಾಲ್ಕು ಬೆರಳು ದೂರ. ಮಾವ ವಿವರಿಸಿದರು. ಖಾಲಿ ನಳಿಗೆಗೆ ಗಜ ಇಳಿಸಿದರೆ ಮೇಲಿನ ಗೀರು ಬಾಯಿಗೆ ಸರಿಯಾಗಿ ಬರುತ್ತದೆ. ತುಂಬಿದ ನಳಿಗೆಯಾದರೆ ಕೆಳಗಿನ ಗೀರು ಬಾಯಿಯ ಹತ್ತಿರ ನಿಲ್ಲುತ್ತದೆ. ಕೋವಿ ತುಂಬಿದೆಯಾ ಇಲ್ಲವಾ ಅಂತ ಕಣ್ಣಿಗೆ ಕಾಣುವುದಿಲ್ಲವಲ್ಲ. ಗಜ ಇಳಿಸಿಯೇ ನೋಡಬೇಕು. ಗೀರು ಎರಡಕ್ಕೂ ಹೊಂದದಿದ್ದರೆ ಏನೋ ಎಡವಟ್ಟಾಗಿದೆ ಎಂದು ಅರ್ಥ. ಎರಡು ಸಲ ಮದ್ದು ಬಿದ್ದಿರಬಹುದು, ಇಲ್ಲವೇ ನಾರು ನಡುವೆಯೇ ಸಿಕ್ಕಿ ನಿಂತಿರಬಹುದು. ಮದ್ದಿಗೂ ಅದರ ಮೇಲಿನದ್ದಕ್ಕೂ ನಡುವೆ ಸಂದು ಉಳಿದರೆ ನಳಿಗೆ ಒಡೆಯುವ ಅಪಾಯ ಇದೆ.

‘ಹಾರುವುದು’ ಕೂಡ ಅಲ್ಲೇ ತಿಳಿಯಿತು. ನಾರು ಮೆತ್ತಗಿರುವಾಗ ಗಜವನ್ನು ಎತ್ತಿ ಬಿಟ್ಟರೆ ಅದು ‘ದಪ್’ ಎಂದು ಕೂತುಬಿಡುತ್ತದೆ. ಚೆನ್ನಾಗಿ ಗಟ್ಟಿಯಾದ ಮೇಲೆ ಬಿಟ್ಟರೆ ಕೈಯಿಂದ ಮೇಲಕ್ಕೆ ಪುಟಿಯುತ್ತದೆ. ಆ ಪುಟಿಯುವುದನ್ನೇ ಅಜ್ಜ ‘ಗಜ ಹಾರುವುದು’ ಎಂದು ಬರೆದದ್ದು. ಮಾವ ಒಂದು ಬಿದಿರಿನ ಅಂಡೆಗೆ ತೆಂಗಿನ ನಾರು ತುರುಕಿ ತೋರಿಸಿದರು. ಏಳೆಂಟು ಸಲ ಕುಟ್ಟಿದ ಮೇಲೆ ಸದ್ದು ಬದಲಾಯಿತು. ಮತ್ತೆರಡು ಕುಟ್ಟಿಗೆ ಕೋಲು ನಿಜವಾಗಿ ಹಾರಿತು.

ಇನ್ನು ಪದದ ವಿಷಯ. ಇದು ಸಂಸ್ಕೃತದ ಗಜ ಅಲ್ಲ, ಪಾರಸಿಯ ‘ಗಜ್’. ಹಿಂದಿ, ಮರಾಠಿಗಳಲ್ಲಿ ಅದಕ್ಕೆ ಅಳತೆಯ ಅರ್ಥವೂ ಇದೆ, ಕೋವಿಯ ಕೋಲಿನ ಅರ್ಥವೂ ಇದೆ. ಸಾರಂಗಿ ನುಡಿಸುವ ಕಮಾನಿಗೂ ಗಜ್ ಅಂತಲೇ ಹೆಸರು. ನಮ್ಮಲ್ಲಿ ಬಟ್ಟೆ ಅಂಗಡಿಯ ಗಜ ಉಳಿಯಿತು, ಕೋವಿಯ ಗಜ ಅಟ್ಟ ಸೇರಿತು. ಆದರೆ ಆ ಎರಡು ಗೀರು ನೋಡಿದ ಮೇಲೆ ನನಗೆ ಅಳತೆಯೂ ಕೋಲೂ ಅಷ್ಟು ದೂರದ್ದು ಅನ್ನಿಸುವುದಿಲ್ಲ. ಅಜ್ಜನ ಗಜ ಜಡಿಯುವ ಕೋಲೂ ಹೌದು, ಅಳೆಯುವ ಕೋಲೂ ಹೌದು.

ಅದೇ ಪುಟದಲ್ಲಿ ತಪ್ಪು ಓದಿಗೆ ದಾರಿಯಾಗುವ ಇನ್ನೊಂದು ಪದ ‘ಈಡು’. ತುಂಬಿದ ಕೋವಿಗೆ ಅಜ್ಜ ಒಂದು ಚೀಟಿ ಕಟ್ಟುತ್ತಿದ್ದರಂತೆ: “ಈಡು ಇದೆ, ಮುಟ್ಟಬಾರದು.” ಇವತ್ತು ಯಾರಾದರೂ ಓದಿದರೆ ಕೋವಿಯನ್ನು ಸಾಲಕ್ಕೆ ಅಡವಿಟ್ಟಿದ್ದಾರೆ ಅಂದುಕೊಂಡಾರು. ಈಡು ಅಂದರೆ ಒತ್ತೆ ಎಂಬ ಅರ್ಥವೂ ಇದೆಯಲ್ಲ. ಆದರೆ ಮೂಲ ಒಂದೇ. ಕೆಡು–ಕೇಡು, ಪಡು–ಪಾಡು, ಬಿಡು–ಬೀಡು ಇದ್ದ ಹಾಗೆ ಇಡು–ಈಡು. ಸಾಲಕ್ಕೆ ಇಟ್ಟದ್ದೂ ಈಡು, ನಳಿಗೆಯೊಳಗೆ ಇಟ್ಟದ್ದೂ ಈಡು. ಹೊಡೆದಾಗಲೂ ‘ಒಂದು ಈಡು ಹೊಡೆದ’ ಅನ್ನುತ್ತೇವೆ. ಒಳಗೆ ಇಟ್ಟದ್ದಕ್ಕೂ ಹೊರಗೆ ಹೋದದ್ದಕ್ಕೂ ಒಂದೇ ಹೆಸರು. ಎಷ್ಟು ಚಂದದ ಪದ! ಅದನ್ನು ಬಿಟ್ಟು ‘ಲೋಡ್ ಆಗಿದೆ’ ಎಂದು ಯಾಕೆ ಬರೆಯಬೇಕು?

ಮದ್ದಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಔಷಧಿಗೂ ಅದೇ, ಕೋವಿಗೂ ಅದೇ. ಮಲಯಾಳದ ಮರುನ್ನು ಕೂಡ ಹಾಗೆಯೇ. ನಮ್ಮ ಮನೆಮಾತು ತುಳು. ಅಜ್ಜನ ಬಾಯಲ್ಲಿ ಅದು ಯಾವಾಗಲೂ ‘ಬೆಡಿ’, ಬರೆಯುವಾಗ ಮಾತ್ರ ‘ಕೋವಿ’. ಬೆಡಿ ಅಂದರೆ ಸಿಡಿಮದ್ದೂ ಹೌದು. ಪುತ್ತೂರು ಜಾತ್ರೆಯ ಬೆಡಿ ನೋಡಲು ಹೋಗುತ್ತೇವಲ್ಲ, ಅದೇ ಬೆಡಿ. ಕೋವಿಗೆ ಕೊಳವೆ ಎಂಬ ಹಳೆಯ ಅರ್ಥ ಇದೆ. ಹಾಗೆ ನೋಡಿದರೆ ಕನ್ನಡ ಆ ಸಾಮಾನಿಗೆ ಅದರ ಆಕಾರ ನೋಡಿ ಹೆಸರಿಟ್ಟಿತು, ತುಳು ಅದರ ಸದ್ದು ಕೇಳಿ.

ಒಂದು ಎಚ್ಚರಿಕೆ, ಅನುವಾದ ಮಾಡುವವರಿಗೆ. ನಮ್ಮ ಕಡೆ ‘ಕೇಪಿನ ಕೋವಿ’ ಅಂದರೆ ಬಾಯಿಯಿಂದ ತುಂಬುವುದು, ‘ತೋಟೆ ಕೋವಿ’ ಅಂದರೆ ಮದ್ದು, ಗುಂಡು ಒಟ್ಟಿಗೇ ಇರುವ ತೋಟೆಯನ್ನು (ಕಾರ್ಟ್ರಿಜ್) ಹಿಂದಿನಿಂದ ತುಂಬುವುದು. ಮಾತಿನಲ್ಲಿ ಇದು ಸಾಕು. ಆದರೆ 1857ರ ಸಿಪಾಯಿಗಳು ಹಲ್ಲಿನಿಂದ ಕಚ್ಚಬೇಕಿದ್ದ ತೋಟೆ ಇಂದಿನ ಹಿತ್ತಾಳೆ ತೋಟೆ ಅಲ್ಲ. ಎಣ್ಣೆ, ಕೊಬ್ಬು ಸವರಿದ ಕಾಗದದ ಸುರುಳಿ ಅದು. ಒಳಗೆ ಮದ್ದೂ ಗುಂಡೂ ಇರುತ್ತಿತ್ತು. ಕಾಗದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ಜಡಿಯಬೇಕು. ಎನ್‌ಫೀಲ್ಡ್ ರೈಫಲ್ ಅದು, 1853ರ ಮಾದರಿ. ಕೇಪಿನದ್ದೇ, ಬಾಯಿಯಿಂದಲೇ ತುಂಬುವುದು. ಶಾಲೆಯಲ್ಲಿ ಆ ಪಾಠ ಓದುವಾಗ ಹಿತ್ತಾಳೆಯನ್ನು ಹೇಗೆ ಕಚ್ಚುತ್ತಿದ್ದರು ಎಂದು ನನಗೆ ಅರ್ಥವೇ ಆಗಿರಲಿಲ್ಲ. ಚಕಮಕಿ ಕಲ್ಲಿನ ಕೋವಿಯೂ ಬಾಯಿಯಿಂದ ತುಂಬುವುದೇ, ಅದಕ್ಕೆ ಕೇಪು ಇಲ್ಲ. ಹಾಗಾಗಿ ಇವೆಲ್ಲಕ್ಕೂ ಸೇರಿ ಒಂದು ಹೆಸರು ಬೇಕಾದಲ್ಲಿ ನಾನು ‘ಬಾಯಿಂದ ತುಂಬುವ ಕೋವಿ’ ಎಂದೇ ಬರೆಯುತ್ತೇನೆ. ರೈಫಲ್ಲಿಗೆ ‘ಗೀರುಗೋವಿ’ ಆಗಬಹುದಾ? ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೀರಿನಿಂದಲೇ ಅದಕ್ಕೆ ರೈಫಲ್ ಎಂದು ಹೆಸರು ಬಂದದ್ದು. ಅಜ್ಜನ ಕೋವಿ ಅದಲ್ಲ, ಒಳಗೆ ನುಣುಪು.

ಇನ್ನೊಂದು ಸಾಲು, ತೊಳೆಯುವುದರ ಬಗ್ಗೆ:

“ಕುದಿನೀರು ಹೊಯ್ದು ಕಿಟ್ಟ ಬಿಡಿಸುವುದು. ನೀರು ತಿಳಿ ಬಂದ ಮೇಲೆ ಒಣ ಬಟ್ಟೆ, ಆಮೇಲೆ ಎಣ್ಣೆ. ಮಳೆಗಾಲದಲ್ಲಿ ಮರುದಿನಕ್ಕೆ ಇಡಕೂಡದು.”

ಕಬ್ಬಿಣದ ಕೋವಿಗೆ ನೀರು ಹಾಕುವುದಾ ಅಂತ ನನಗೂ ಆಶ್ಚರ್ಯ ಆಯಿತು. ಆದರೆ ಕ್ರಮ ಸರಿಯಾದದ್ದೇ. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿಯಲ್ಲಿ ಉಪ್ಪಿನಂಥ ಪದಾರ್ಥ ಜಾಸ್ತಿ. ಅದು ನೀರಿನಲ್ಲಿ ಕರಗುತ್ತದೆ, ಬರೀ ಎಣ್ಣೆಗೆ ಬಿಡುವುದಿಲ್ಲ. ಹಾಗೇ ಬಿಟ್ಟರೆ ಗಾಳಿಯ ಪಸೆ ಎಳೆದುಕೊಂಡು ನಳಿಗೆಯನ್ನು ತಿನ್ನುತ್ತದೆ. ಜುಲೈ ತಿಂಗಳಿನ ಹೆಬ್ರಿಯ ಗಾಳಿಯಲ್ಲಿ ಒಂದೇ ರಾತ್ರಿ ಸಾಕು. ಕುದಿನೀರೇ ಯಾಕೆಂದರೆ ನಳಿಗೆ ಬಿಸಿಯಾಗಿ ತಾನೇ ಬೇಗ ಒಣಗುತ್ತದೆ. ಇಲ್ಲಿ ‘ಕಿಟ್ಟ’ ಎಂಬ ಬಳಕೆ ನನಗೆ ತುಂಬ ಇಷ್ಟವಾಯಿತು. ಕಬ್ಬಿಣ ಕಾಸಿದಾಗ ಬರುವುದು ಕಿಟ್ಟ ಎಂದು ಕೇಳಿದ್ದೆ. ಕೋವಿಯ ಮಸಿಗೂ ಹೇಳುತ್ತಾರೆ ಎಂಬುದು ಹೊಸತು.

ನನಗೆ ನಿಘಂಟಿನ ಅರ್ಥಕ್ಕಿಂತ ಮನೆಯಲ್ಲಿ ಕೇಳಿದ ಮಾತು ಬೇಕು. ಕುಂದಾಪುರ, ಬೆಳ್ತಂಗಡಿ, ಸುಳ್ಯ, ಘಟ್ಟದ ಮೇಲೆ ಶೃಂಗೇರಿ, ಕೊಪ್ಪ ಕಡೆಯವರು ಹೇಳಿದರೆ ಉಪಕಾರ. ಗಜ ಎಂಬ ಮಾತು ನಿಮ್ಮಲ್ಲಿ ಇದೆಯಾ, ಅಥವಾ ಬೇರೆ ಹೆಸರಾ? ಅದು ಪುಟಿಯುವುದಕ್ಕೆ ‘ಹಾರು’ ಅನ್ನುತ್ತಾರಾ? ಮದ್ದಿನ ಮೇಲೆ ಇಡುವ ನಾರಿಗೆ ಬೇರೆ ಹೆಸರು ಇತ್ತಾ? ಕೇಪು ಸಿಡಿದು ಈಡು ಹೋಗದೆ ಉಳಿದರೆ ಅಜ್ಜ ‘ಹುಸಿ ಹೋಯಿತು’ ಎಂದು ಬರೆದಿದ್ದಾರೆ, “ಹುಸಿ ಹೋದರೆ ಬಾಯಿ ಆಚೆ ಮಾಡಿ ಸ್ವಲ್ಪ ಹೊತ್ತು ಕಾಯುವುದು” ಎಂದು. ಇದನ್ನು ಬೇರೆ ಯಾರಾದರೂ ಕೇಳಿದ್ದೀರಾ? ಊರಿನ ಹೆಸರು, ಮನೆಮಾತು ಯಾವುದು ಎಂದು ಸೇರಿಸಿ ಬರೆಯಿರಿ.

ಪ್ರೂಫಿನಲ್ಲಿ ಆ ‘ಒಂದು’ ತೆಗೆಸಿದ್ದೇನೆ. ಸಾಲು ಅಜ್ಜ ಬರೆದ ಹಾಗೆಯೇ ಇರುತ್ತದೆ. ಅದರ ಕೆಳಗೆ ಟಿಪ್ಪಣಿಗೆ ನಾಲ್ಕು ಸಾಲಿನ ಜಾಗ ಬಿಟ್ಟಿದ್ದೇನೆ.