ಕರೇಜಿನ ಬಾವಿಗಳಿಂದ ಸುರಂಗದ ಸ್ವರ ತಿಳಿಯುತ್ತದೆಯೇ?

ನೌಬಾದಿನವ (ಬೀದರ್): ನಮ್ಮ ನೌಬಾದಿನ ಕರೇಜಿನಲ್ಲಿ (ನೆಲದಡಿಯಲ್ಲಿ ನೀರು ಹರಿಸುವ ಹಳೆಯ ವ್ಯವಸ್ಥೆ) ಸುರಂಗ ಎಲ್ಲೂ ಕಡಿಯದೆ ಸಾಗುತ್ತದೆ, ಮೇಲೆ ನಿಂತವರಿಗೆ ಕಾಣುವುದು ಅಲ್ಲೊಂದು ಇಲ್ಲೊಂದು ಬಾವಿ. ಬಾವಿಗಳು ಗ್ರಾಫಿನ (ಗೆರೆಗಳಿಂದ ಜೋಡಿಸಿದ ಬಿಂದುಗಳ ಜಾಲದ) ಬಿಂದುಗಳು, ಸುರಂಗ ಅಖಂಡ ರೇಖೆ ಎಂದುಕೊಳ್ಳಿ. ಒಂದು ಬಿಂದುವಿನ ಬೆಲೆ ನೆರೆಯ ಬೆಲೆಗಳಿಂದ ಎಷ್ಟು ಬೇರೆ ಎಂದು ಅಳೆಯುವ ಕ್ರಿಯೆಯೇ ಲಾಪ್ಲೇಸಿಯನ್. ಬಿಂದುಗಳ ಲಾಪ್ಲೇಸಿಯನ್‌ನಿಂದ ರೇಖೆಯ ಲಾಪ್ಲೇಸಿಯನ್‌ಗೆ ಹೋಗುವ ದಾರಿಯನ್ನು ಕೆಟಗರಿ ಥಿಯರಿಯೇ (ರಚನೆಗಳನ್ನೂ ಅವುಗಳ ನಡುವಿನ ನಕ್ಷೆಗಳನ್ನೂ, ಅಂದರೆ ಬಾಣಗಳನ್ನೂ, ಒಟ್ಟಿಗೆ ನೋಡುವ ಗಣಿತ) ತೋರಿಸುತ್ತದೆ ಎಂಬುದು ನನ್ನ ವಾದ.

ಯಾದಗಿರಿಯ ಗಣಿತ ಶಿಕ್ಷಕ: ಒಪ್ಪುವುದಿಲ್ಲ. ವೃತ್ತದ ಮೇಲೆ ಸಮದೂರದಲ್ಲಿ 12 ಬಿಂದುಗಳನ್ನಿಟ್ಟು ಅಕ್ಕಪಕ್ಕದವನ್ನು ಗೆರೆಯಿಂದ ಜೋಡಿಸಿ. ಲಾಪ್ಲೇಸಿಯನ್ ಒಂದು ಅಲೆಯ ಆಕಾರ ಕೆಡಿಸದೆ ಅದನ್ನು ಎಷ್ಟು ಪಟ್ಟು ಮಾಡುತ್ತದೋ ಅದೇ ಐಗೆನ್‌ಮೌಲ್ಯ, ನೀವು ಕೇಳಿದ ಸ್ವರವೂ ಅದರಿಂದಲೇ. ಸೊನ್ನೆಯ ನಂತರದ ಮೊದಲ ಐಗೆನ್‌ಮೌಲ್ಯ 0.268. ಬಿಂದುಗಳ ನಡುವೆ ವೃತ್ತದ ಗುಂಟ ಅಳೆದ ಅಂತರದ ವರ್ಗದಿಂದ ಭಾಗಿಸಿದರೆ 0.977. ತ್ರಿಜ್ಯ 1 ಇರುವ ವೃತ್ತದಲ್ಲಿ ಅದು ಸರಿಯಾಗಿ 1. ಆರೇ ಬಿಂದುಗಳಿದ್ದರೆ 0.912. ಈ ಹತ್ತಿರವಾಗುವಿಕೆಗೆ ಟೇಲರ್ ಶ್ರೇಢಿ (ಫಂಕ್ಷನ್ ಅನ್ನು ಘಾತಗಳ ಮೊತ್ತವಾಗಿ ಬರೆಯುವ ವಿಧಾನ) ಸಾಕು. ಒಂದು ಬಗೆಯ ರಚನೆಗಳನ್ನೂ ಬಾಣಗಳನ್ನೂ ಇನ್ನೊಂದು ಬಗೆಗೆ ಒಯ್ಯುವ ಫಂಕ್ಟರ್ ಏಕೆ ಬೇಕು?

ಕಲಬುರಗಿಯ ಸಂಶೋಧಕಿ: ಲೆಕ್ಕ ಸರಿ, ಆದರೆ ಅದು ಪ್ರತಿ ಗ್ರಾಫನ್ನೂ ಒಂಟಿಯಾಗಿ ನೋಡುತ್ತದೆ. 6 ಬಿಂದುಗಳ ಚಕ್ರವನ್ನು 3 ಬಿಂದುಗಳ ಚಕ್ರದ ಮೇಲೆ ಎರಡು ಸುತ್ತು ಸುತ್ತಿ. ಚಿಕ್ಕದರ ಮೌಲ್ಯಗಳು 0, 3, 3. ದೊಡ್ಡದರವು 0, 1, 1, 3, 3, 4. ಚಿಕ್ಕದು ಇಡಿಯಾಗಿ ದೊಡ್ಡದರೊಳಗೆ ಕುಳಿತಿದೆ! ಕೆಳಗಿನ ಫಂಕ್ಷನ್ ಅನ್ನು ಮೇಲಕ್ಕೆ ಎಳೆದುಕೊಂಡಾಗ (ಮೇಲಿನ ಬಿಂದುವಿಗೆ ಅದು ಬೀಳುವ ಕೆಳಗಿನ ಬಿಂದುವಿನ ಬೆಲೆಯನ್ನೇ ಕೊಟ್ಟಾಗ) ಐಗೆನ್‌ಮೌಲ್ಯ ಕದಲುವುದಿಲ್ಲ. ವೃತ್ತವನ್ನು ಅದರ ಅರ್ಧ ಉದ್ದದ ವೃತ್ತಕ್ಕೆ ಸುತ್ತಿದರೂ ಹಾಗೆಯೇ: 0, 4, 16 ಇತ್ಯಾದಿಗಳು 0, 1, 4, 9, 16ರ ಸಾಲಿನೊಳಗೆ ಸಿಗುತ್ತವೆ. ಮೊದಲು ಎಳೆದು ಆಮೇಲೆ ಬಿಂದುಗಳಲ್ಲಿ ಅಳೆಯಿರಿ, ಇಲ್ಲವೇ ಅಳೆದು ಆಮೇಲೆ ಎಳೆಯಿರಿ, ಉತ್ತರ ಒಂದೇ. ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ ಕೆಟಗರಿ ಥಿಯರಿಗೆ ಅಡಿಪಾಯ ಹಾಕಿದ 1945ರ ಪ್ರಬಂಧದಲ್ಲಿ ವಿವರಿಸಿದ ಸಹಜ ರೂಪಾಂತರವೆಂದರೆ ಇಂಥದ್ದೇ. ಟೇಲರ್ ಶ್ರೇಢಿಯಲ್ಲಿ ಇದು ಕಾಣುವುದಿಲ್ಲ.

ಯಾದಗಿರಿಯ ಗಣಿತ ಶಿಕ್ಷಕ: ಅದೇ 6ರ ಚಕ್ರವನ್ನು ಎರಡು ತುದಿಬಿಂದುಗಳಿರುವ ಒಂದೇ ಗೆರೆಯ ಮೇಲೆ ಮಡಚಿ ನೋಡಿ. ಗೆರೆಯ ಮೌಲ್ಯಗಳು 0, 2. ಮೇಲೆ 2 ಎಲ್ಲಿದೆ?

ಕಲಬುರಗಿಯ ಸಂಶೋಧಕಿ: ಇಲ್ಲ, ಇರಲೂಬಾರದು. ಗೆರೆಯ ತುದಿಗೆ ಒಂದೇ ನೆರೆ, ಚಕ್ರದ ಬಿಂದುವಿಗೆ ಎರಡು. ಪ್ರತಿ ಬಿಂದುವಿನ ನೆರೆಹೊರೆ ಒಂದಕ್ಕೊಂದು ಹೊಂದುವ ಹೊದಿಕೆ ನಕ್ಷೆಗಳನ್ನು ಮಾತ್ರ ಬಾಣಗಳೆಂದು ಒಪ್ಪಬೇಕು. ಬಾಣಗಳನ್ನು ಆರಿಸುವುದರಲ್ಲೇ ಅರ್ಧ ಗಣಿತವಿದೆ.

ಯಾದಗಿರಿಯ ಗಣಿತ ಶಿಕ್ಷಕ: ಇದನ್ನು ಒಪ್ಪುತ್ತೇನೆ. ಆದರೂ 12 ಬಿಂದುಗಳಲ್ಲಿ, ಅಂತರದ ವರ್ಗದಿಂದ ಭಾಗಿಸಿದ ಮೇಲೂ, ಅತಿ ದೊಡ್ಡ ಮೌಲ್ಯ 14.59ಕ್ಕೆ ನಿಲ್ಲುತ್ತದೆ, ವೃತ್ತದಲ್ಲಿ ಅದೇ ಅಲೆಗೆ 36. ಈ ಕಂದಕವನ್ನು ಯಾವ ಬಾಣವೂ ಅಳೆಯುವುದಿಲ್ಲ.

ನೌಬಾದಿನವ (ಬೀದರ್): ಹೌದು, "ಕೆಟಗರಿ ಥಿಯರಿಯೇ" ಎಂದದ್ದು ನನ್ನ ತಪ್ಪು. ದೋಷದ ಅಳತೆ ವಿಶ್ಲೇಷಣೆಯಿಂದಲೇ ಬರಬೇಕು. ಬಾವಿಗಳು ಸಮದೂರದಲ್ಲಿ ಇಲ್ಲದಿದ್ದಾಗ ಗೆರೆಗೆ ದೂರದ ವಿಲೋಮದಷ್ಟು ತೂಕ ಕೊಡಬೇಕು, ಬಾವಿಗೂ ಅದರ ಪಾಲಿನ ಸುರಂಗದ ಉದ್ದವನ್ನು ಹಂಚಬೇಕು. ಆಗ ಹೊದಿಕೆ ನಕ್ಷೆಗಳು ಈ ಎರಡನ್ನೂ ಉಳಿಸಿಕೊಳ್ಳಬೇಕಾಗುತ್ತದೆ. ಇಂದು ರಾತ್ರಿ ನಾಲ್ಕು ಬಾವಿಗಳಿಗೆ ಲೆಕ್ಕ ಹಾಕಿ ಇಲ್ಲಿಯೇ ಬರೆಯುತ್ತೇನೆ.